ಹುಳುವಿನ ಕುಲ

ನೂಲು ನೂಲಾಗಿ ಮಿಸುಕುತ್ತಿವೆ ಹುಳುಗಳು, ಕುರಿ ಸತ್ತರೂ ಇವಕ್ಕೆ ಇನ್ನೂ ಜೀವ ಇದೆ — ಸುಶ್ಮಿತಾ ಕೊಯ್ದ ಹೊಟ್ಟೆಯ ಒಳಗೋಡೆಯಿಂದ ಚಿಮುಟದಲ್ಲಿ ಒಂದನ್ನು ಎತ್ತಿ ಬಿಸಿಲಿಗೆ ಹಿಡಿದಳು, ಕೆಂಪು ಬಿಳಿ ಹೆಣೆದುಕೊಂಡ ಹುರಿ, ಕೆಂಪು ಎಂದರೆ ಅದು ಕುಡಿದ ಕುರಿಯ ರಕ್ತ, ಬಿಳಿ ಎಂದರೆ ಹುಳುವಿನ ಗರ್ಭ, ಹೆಣ್ಣು ಇದು, ಗಂಡಾದರೆ ಬಾಲದ ತುದಿ ಕೊಡೆಯ ಹಾಗೆ ಬಿಚ್ಚಿಕೊಂಡಿರುತ್ತದೆ, ಆ ಕೊಡೆಯ ಕಡ್ಡಿಗಳನ್ನು ನೋಡಿಯೇ ಕುಟುಂಬ ಹೇಳುವುದು, ಟ್ರೈಕೊಸ್ಟ್ರಾಂಜಿಲಿಡೆ, ಪಶುವೈದ್ಯ ಕಾಲೇಜಿನಲ್ಲಿ ಆ ಹೆಸರಿಗಾಗಿ ಎಷ್ಟು ವಾದ ಮಾಡಿದ್ದಳು, ಇದು ಆ ಕುಟುಂಬದೊಳಗಿನ ಒಂದು ಕವಲೋ ಇಲ್ಲ ಬೇರೆಯದೇ ಕುಟುಂಬವೋ, ಕೊಡೆಯ ಬೆನ್ನಿನ ಕಡ್ಡಿ ಒಂದು ಪಕ್ಕಕ್ಕೆ ಸರಿದಿದೆ ನೋಡಿ ಸರ್, ಪ್ರೊಫೆಸರ್ ತಲೆದೂಗಿದ್ದರು, ಅಂದು ಸಂಜೆಯೇ ಊರಿಗೆ, ಬೆಳುಗುಪ್ಪಕ್ಕೆ ಫೋನು, ಅತ್ತೀ, ನಾ ಗೆದ್ದೆ — ತಾಯಿಯಿಲ್ಲದ ಅವಳನ್ನು ಈ ರೊಪ್ಪದ ಬೇಲಿಯೊಳಗಿನ ಕುರಿಗಳ ನಡುವೆಯೇ ಸಾಕಿ ಓದಿಸಿದ ಸೋದರತ್ತೆ ತಿಪ್ಪಕ್ಕ, ಈಗ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಕೇಳುತ್ತಾಳೆ, ಯಾವ ಹುಳ ಐತವ್ವ ಇದು, ಸುಶ್ಮಿತಾ ಹೇಳುತ್ತಾಳೆ, ಕುಟುಂಬ ಇಂಥದು, ಕುಲ ಇಂಥದು, ಹುಳಕ್ಕೂ ಕುಲ ಐತೇನ, ಅತ್ತೆ ನಗುತ್ತಾಳೆ, ಎಷ್ಟೊಂದು ನಂಬಿಕೆ ಆ ನಗೆಯಲ್ಲಿ, ಹೆಸರು ಸಿಕ್ತಲ್ಲ, ಇನ್ನ ಔಷಧ ಹೇಳು — ಬಿಳಿ ಔಷಧ ಕುಡಿಸಿದ್ದಾಯಿತು, ಹಳದಿಯದು ಕುಡಿಸಿದ್ದಾಯಿತು, ಸೂಜಿಯೂ ಆಯಿತು, ತಾನೇ ತಂದು ತಾನೇ ಹಾಕಿದ್ದು, ಆಮೇಲೆ ಹಿಕ್ಕೆ ಒಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಮೊಟ್ಟೆಗಳು ಮೊದಲಿನಷ್ಟೇ, ಮದ್ದಿಗೆ ಸಾಯದೆ ಉಳಿದವೇ ಹೆತ್ತು ಹೆತ್ತು ರೊಪ್ಪ ತುಂಬಿವೆ, ಯಾವ ಕಡ್ಡಿ ಎಣಿಸಿದರೂ ಆ ಗುಣ ಕಾಣುವುದಿಲ್ಲ, ಸಾಯುವ ಹುಳುವೂ ಸಾಯದ ಹುಳುವೂ ಒಂದೇ ಕುಟುಂಬ, ಒಂದೇ ಕುಲ, ಒಂದೇ ಹೆಸರು, ಹೇಗೆ ಹೇಳಲಿ ಇವಳಿಗೆ, ಹೇಳದೆ ಹೇಗಿರಲಿ — ಅತ್ತೀ, ಇವು ಯಾವ ಔಷಧಕ್ಕೂ ಸಾಯಂಗಿಲ್ಲ, ಬಾಯಿಂದ ಬಂದೇಬಿಟ್ಟಿತು, ತಿಪ್ಪಕ್ಕನ ನಗೆ ಮುಖದ ಮೇಲೆ ಹಾಗೇ ಉಳಿದಿದೆ, ಹಂಗಂದ್ರ ಹೆಂಗವ್ವ, ಇದನ್ನ ಓದಿದಾಕಿ ನೀನು, ಎದ್ದು ಹತ್ತಿರದ ಕುರಿಯ ಗದ್ದ ಹಿಡಿದು ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆಯುತ್ತಾಳೆ, ಇದಕ್ಕ ರಕ್ತ ಐತಲ್ಲ, ನೋಡಿ ಹೇಳು, ರೆಪ್ಪೆಯ ಒಳಗೆ ಸುಣ್ಣ ಬಳಿದ ಹಾಗೆ ಬಿಳಿ, ಕೆಂಪಿನ ಸುಳಿವೇ ಇಲ್ಲ, ಅತ್ತೆ ಅದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಾಳೆ, ಹೋಗಲಿ ಇದಕ್ಕ, ಹೆಬ್ಬೆರಳು, ರೆಪ್ಪೆ, ಬಿಳಿ, ಅದರ ಮರೀಗೆ, ಯಾಕ ಮಾತಾಡವಲ್ಲಿ, ಸಣ್ಣ ರೆಪ್ಪೆ, ಬಿಳಿ, ಇದಕ್ಕ ನೋಡವ್ವ, ಹೆಬ್ಬೆರಳು, ಬಿಳಿ, ರೆಪ್ಪೆ, ಬಿಳಿ