ಅಕ್ಕನ ತೊಟ್ಟಿಗೆ ತಮ್ಮನ ಬೆಳಕು

ನಲವತ್ತು ವರ್ಷ ನಾಟಕಗಳಿಗೆ ಬೆಳಕು ಬಿಟ್ಟವನಿಗೆ ಒಂದು ಗಾಜಿನ ತೊಟ್ಟಿಗೆ ಬೆಳಕು ಬಿಡುವುದು ಯಾವ ಮಹಾ ಕೆಲಸ? ತಮ್ಮ ಹಾಗೆಂದೇ ಅಂದುಕೊಂಡಿದ್ದ. ಎಲ್ಲ ಗೊತ್ತು ಅಂದುಕೊಳ್ಳುವುದು ಅವನ ಹುಟ್ಟುಗುಣ. ಅರವತ್ತೆರಡಾದರೂ ಬಿಟ್ಟಿರಲಿಲ್ಲ.

ತೊಟ್ಟಿ ಅಕ್ಕನಿಗಾಗಿ. ಅಕ್ಕ ಸಮುದ್ರದ ತಳಕ್ಕಿಳಿದು ಹವಳಗಳನ್ನು ಎಣಿಸಿ ಬರೆದಿಡುವ ಕೆಲಸದಲ್ಲಿದ್ದವಳು. ಹೋದ ವರ್ಷ ಕಿವಿ ಕೈಕೊಟ್ಟಿತು. ಇನ್ನು ನೀರಿಗಿಳಿಯುವ ಹಾಗೇ ಇಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಅಂದಿನಿಂದ ತಮ್ಮನ ಮನೆಯ ಹಿಂದಿನ ಕೋಣೆ ಸೇರಿದವಳು ಊಟಕ್ಕೆ ಬರುತ್ತಾಳೆ, ಪೇಪರಿನ ಪದಬಂಧ ಬಿಡಿಸುತ್ತಾಳೆ, ಸಮುದ್ರದ ಮಾತು ಮಾತ್ರ ಎತ್ತುವುದಿಲ್ಲ. ಬೇರೆ ಯಾರಾದರೂ ಎತ್ತಿದರೆ ಎದ್ದು ಹೋಗುತ್ತಾಳೆ. ತಮ್ಮನಿಗೆ ಇದು ಸಹಿಸಲಾಗುತ್ತಿರಲಿಲ್ಲ. ಅವಳು ಒಂದೇ ಒಂದು ಸಲ ಬಂದು ತೊಟ್ಟಿಯೊಳಗೆ ನೋಡಬೇಕು, ಅಷ್ಟೇ ಅವನ ಆಸೆ.

ಚಿಕ್ಕವರಿದ್ದಾಗ ಅಕ್ಕ ಬಚ್ಚಲ ತೊಟ್ಟಿಯಲ್ಲಿ ಮುಖ ಮುಳುಗಿಸಿ, ಕಣ್ಣು ಬಿಟ್ಟುಕೊಂಡು ಇರುತ್ತಿದ್ದಳು. ಟಾರ್ಚು ಹಿಡಿದು ನೂರು ಎಣಿಸುವುದು ತಮ್ಮನ ಕೆಲಸ. ಎಪ್ಪತ್ತಕ್ಕೆ ಬರುವಷ್ಟರಲ್ಲಿ ಅವನಿಗೇ ಉಸಿರು ಕಟ್ಟಿ ಅಳು ಬರುತ್ತಿತ್ತು. ಅವಳು ತಲೆಯೆತ್ತಿ, ಮೂಗಿನಿಂದ ನೀರಿಳಿಸುತ್ತಾ, "ಅಳುಬುರುಕ, ಟಾರ್ಚ್ ಯಾಕೋ ಅಲ್ಲಾಡಿಸ್ತೀಯ?" ಎಂದು ತಲೆಗೊಂದು ಮೊಟಕುತ್ತಿದ್ದಳು. ಆ ಮೊಟಕು ನೆನೆದರೆ ಈಗಲೂ ಅವನ ಕೈ ತಾನಾಗಿ ತಲೆ ಸವರುತ್ತದೆ.

ತೊಟ್ಟಿ ಸಿದ್ಧವಾಗುವುದಕ್ಕೇ ಎರಡು ತಿಂಗಳು ಹಿಡಿಯಿತು. ಮೇಜು ವಾಲಿಲ್ಲ ತಾನೇ ಎಂದು ರಸಮಟ್ಟ ಇಟ್ಟು ನಾಲ್ಕು ಕಡೆ ನೋಡಿದ. ಉಪ್ಪು ಬೆರೆಸಿ ಅಳೆದ. ನೀರನ್ನು ಸುತ್ತಾಡಿಸುವ ಪಂಪು, ನೊರೆಯ ಜೊತೆ ಕೊಳೆ ಎತ್ತುವ ಯಂತ್ರ, ಹೀಟರು ಎಲ್ಲ ಜೋಡಿಸಿದ. ನೀರು ಹನಿದರೂ ಪ್ಲಗ್ಗಿನವರೆಗೆ ಹರಿಯಬಾರದೆಂದು ಪ್ರತಿ ವೈರನ್ನೂ ಸ್ವಲ್ಪ ಜೋಲುಬಿಟ್ಟು ಕಟ್ಟಿದ. ತಳಕ್ಕೆ ಹಾಸಿದ ಕಲ್ಲು ನೀರಿಗೆ ಒಗ್ಗುವವರೆಗೆ ಯಾವ ಜೀವವನ್ನೂ ಬಿಡಬೇಡಿ ಎಂದು ಮೀನಂಗಡಿಯವನು ಹೇಳಿದ್ದಕ್ಕೆ ಹಲ್ಲುಕಚ್ಚಿ ಕಾದ. ಆಮೇಲೆ ಅಂಗೈಯಗಲದ ಒಂದು ಹವಳ ತಂದಿಟ್ಟ. ಅದರ ಮೈತುಂಬ ಪುಟ್ಟ ಪುಟ್ಟ ಬೆರಳುಗಳು.

ದೀಪವನ್ನು ಮೇಲಿನಿಂದ ತೂಗುಹಾಕಿ ಎಂದು ಅಂಗಡಿಯವನು ಬಡಕೊಂಡಿದ್ದ. ಹಾಗೇ ಹಾಕಿ ನೋಡಿದ ತಮ್ಮ ಮೂಗು ಮುರಿದ. ನೆತ್ತಿಯ ಮೇಲೆ ಬೆಳಕು ಸುರಿದರೆ ನಟನ ಮುಖವೇ ಕಾಣುವುದಿಲ್ಲ, ಬೆಳಕು ಎದುರಿನಿಂದ ಬರಬೇಕು. ಇದು ಬಿಸಿ ದೀಪಗಳಿಗೆ ಬೆರಳು ಸುಟ್ಟುಕೊಂಡು ಅವನು ಕಲಿತ ವಿದ್ಯೆ. ಅಟ್ಟದಿಂದ ಸ್ಟ್ಯಾಂಡು ಇಳಿಸಿ ದೀಪವನ್ನು ಗಾಜಿನ ಎದುರಿಗೇ ನಿಲ್ಲಿಸಿದ. ಹಳೆಯ ಪೆಟ್ಟಿಗೆಯಿಂದ ಜೇನುಬಣ್ಣದ ಹಾಳೆ ತೆಗೆದು ಅದಕ್ಕೆ ಕಟ್ಟಿದ. ಹಾಳೆಯ ಮೂಲೆಯಲ್ಲಿ ಅವನದೇ ಕೈಬರಹವಿತ್ತು: 'ಮೂರನೇ ಅಂಕ, ತಾಯಿ ಬಾಗಿಲಿಗೆ ಬರುವಾಗ.' ಎಂಥಾ ದಿನಗಳವು! ಆ ದೀಪ ಹೊತ್ತಿದರೆ ಕೊನೇ ಸಾಲಿನವರೂ ಮೂಗೊರೆಸಿಕೊಳ್ಳುತ್ತಿದ್ದರು.

ಹವಳಕ್ಕೆ ಅದೇನೂ ನಾಟಲಿಲ್ಲ. ಬೆರಳುಗಳನ್ನೆಲ್ಲ ಒಳಗೆಳೆದುಕೊಂಡು ಮುದುಡಿ ಕೂತಿತು. ನಾಲ್ಕು ದಿನವಾದರೂ ಅರಳಲಿಲ್ಲ, ಗಾಜಿಗೆ ಕಂದು ಪಾಚಿ ಬೇರೆ ಹತ್ತಿತು. ಸತ್ತೇ ಹೋಗುತ್ತದೇನೋ ಎಂದು ಅವನು ಹೆದರಿದ. ಬೇರೆ ದಾರಿ ಕಾಣದೆ ಅಕ್ಕನ ಕೋಣೆಯ ಬಾಗಿಲಲ್ಲಿ ಹೋಗಿ ತಲೆ ಕೆರೆದುಕೊಂಡು ನಿಂತ.

"ಅಕ್ಕ, ಎದುರುಗಡೆ ಇಷ್ಟು ಚೆನ್ನಾಗಿ ಲೈಟ್ ಬಿಟ್ಟಿದ್ದೀನಿ. ಆ ಹವಳ ಅರಳ್ತಾನೇ ಇಲ್ಲ."

ಪದಬಂಧದ ಮೇಲೆ ಪೆನ್ಸಿಲು ನಿಂತಿತು. "ಎಲ್ಲಿ ಬಿಟ್ಟಿದ್ದೀಯ?"

"ಎದುರುಗಡೆ. ಜೇನುಬಣ್ಣ."

"ಲೋ, ಸಮುದ್ರಕ್ಕೆ ಸೂರ್ಯ ಎದುರುಗಡೆಯಿಂದ ಬರ್ತಾನೇನೋ? ಅದೇನು ನಿನ್ನ ನಾಟಕದ ರಾಣಿ ಅಂದ್ಕೊಂಡ್ಯಾ?"

ಅಕ್ಕ ಎದ್ದೇಬಿಟ್ಟಳು. ಒಂದು ವರ್ಷ ಯಾರ ಸಮಾಧಾನದ ಮಾತಿಗೂ ಜಗ್ಗದವಳನ್ನು ತಮ್ಮನ ದಡ್ಡತನ ಎಬ್ಬಿಸಿತು.

"ಮೊದಲು ಆ ಹಳದಿ ಕಿತ್ತು ಬಿಸಾಕು. ಆಳಕ್ಕೆ ಹೋದ ಹಾಗೆ ಕೆಂಪು ಮೊದಲು ಮಾಯ ಆಗತ್ತೆ, ಆಮೇಲೆ ಹಳದಿ. ಕೊನೆಗೆ ಉಳಿಯೋದು ನೀಲಿ. ನೀಲಿ ಹಾಳೆ ಹಾಕು. ಹೂಂ, ದೀಪ ಮೇಲೆ ಕಟ್ಟು. ಇನ್ನೂ ಮೇಲೆ. ಈಗ ಬೆಳಕು ಕಮ್ಮಿ ಮಾಡು. ಪಾಪ, ಹೆದರಿ ಕೂತಿದೆ, ದಿನಕ್ಕೆ ಇಷ್ಟಿಷ್ಟೇ ಏರಿಸ್ಬೇಕು."

ಎಷ್ಟೋ ನಿರ್ದೇಶಕರಿಗೆ ಎದುರುತ್ತರ ಕೊಟ್ಟವನು ಬಾಯಿ ಮುಚ್ಚಿಕೊಂಡು ಹೇಳಿದ್ದು ಮಾಡಿದ. ಅಕ್ಕ ದೀಪ ನೋಡಿದಳು, ವೈರು ನೋಡಿದಳು, ಅಳತೆಪಟ್ಟಿ ಹಿಡಿದು ಎತ್ತರ ನೋಡಿದಳು. ನೀರಿನ ಕಡೆ ಮಾತ್ರ ತಿರುಗಲಿಲ್ಲ. ಕೆಲಸ ಮುಗಿದ ಕೂಡಲೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತಮ್ಮನಿಗೆ ಬಾಯಿಗೆ ಬಂದ ತುತ್ತು ಜಾರಿದಂತಾಯಿತು.

ಮೂರನೆಯ ದಿನ ಮಧ್ಯಾಹ್ನ ಹವಳ ಅರಳಿತು. ಒಂದೊಂದೇ ಬೆರಳು ಹೊರಬಂದು ಪಂಪಿನ ನೀರಿಗೆ ತೂಗತೊಡಗಿತು. ತಮ್ಮ ಕೂಗಲಿಲ್ಲ. ಕೋಣೆಯ ಬಾಗಿಲನ್ನು ಮೆಲ್ಲಗೆ ತಟ್ಟಿ, "ಅಕ್ಕ, ಅರಳಿದೆ," ಎಂದಷ್ಟೇ ಹೇಳಿದ.

ಬಹಳ ಹೊತ್ತಿನ ಮೇಲೆ ಅಕ್ಕ ಬಂದಳು. ಬಂದು ತೊಟ್ಟಿಯ ಮುಂದೆ ನಿಂತು ನೋಡಿದಳು. ನೀಲಿ ಬೆಳಕು ಅವಳ ಮುಖದ ಮೇಲೆ ಅಲುಗುತ್ತಿತ್ತು.

"ಕೊನೇ ಸಲ ಮೇಲೆ ಬರೋವಾಗ ನಾನು ತಿರುಗಿ ನೋಡ್ಲೇ ಇಲ್ಲ ಕಣೋ," ಎಂದಳು. "ಮುಂದಿನ ವಾರ ಮತ್ತೆ ಬರ್ತೀನಲ್ಲ ಅಂದ್ಕೊಂಡಿದ್ದೆ."

ತಮ್ಮ ಕುರ್ಚಿ ಎಳೆದು ಅವಳ ಹಿಂದಿಟ್ಟ.

"ಈಗ ನೋಡು ಅಕ್ಕ," ಎಂದ. "ಎಷ್ಟು ಹೊತ್ತಾದ್ರೂ ನೋಡು."

ಅಕ್ಕ ಕೂತಳು. ಗಾಜಿಗೆ ಹಣೆ ತಾಗಿಸಿ, ನೋಡುತ್ತಾ ನೋಡುತ್ತಾ ಅತ್ತಳು.