ಇಬ್ಬರು ಬೇಕಾಗುವ ಮಾತು

ಒಬ್ಬರ ಮೇಲೊಬ್ಬರು ತಪ್ಪು ಹೊರಿಸುವುದಕ್ಕೆ ಕಿಸರಾವೆಯ ಜನ ಕುಲೌಮಿಯಾನಾ ಅನ್ನುತ್ತಾರೆ. ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವಂಥ ಕೆಲಸ ಅದು. ಒಬ್ಬರು ಎತ್ತಿದಾಗ ಇನ್ನೊಬ್ಬರು ಇಳಿಸಬೇಕು. ತಾಯಿ ಸತ್ತ ಗಳಿಗೆಯಿಂದ ಹಿದಾಯಾ ಮತ್ತು ಅವಳ ಅಣ್ಣ ಪಾಜಿ ಮಾಡುತ್ತಿದ್ದದ್ದು ಅದನ್ನೇ.

"ಮಗಳಾದವಳು ನೀನು. ನೀರು ತರೋದು ಯಾರ ಕೆಲಸ?"

"ಬಾವಿಕಟ್ಟೆ ಪಾಚಿ ಕೆರೆದು ಹಾಕು ಅಂತ ಅಮ್ಮ ಯಾರಿಗೆ ಹೇಳಿದ್ಲು ಅಣ್ಣ? ನನಗಾ?"

ಉರಿಬಿಸಿಲಲ್ಲಿ ಮುದುಕಿ ತಾನೇ ಕೊಡ ಹಿಡಿದು ಹೋಗಿದ್ದಳು, ಜಾರಿ ಬಾವಿಗೆ ಬಿದ್ದಿದ್ದಳು. ಹೊರಡುವ ಮೊದಲು ಅವಳು ನೀರಿಗೆಂದು ಕೂಗಿ ಕರೆದದ್ದು ಕೇಳಿಸಲೇ ಇಲ್ಲ, ನಿದ್ದೆ ಹತ್ತಿತ್ತು ಅಂತ ಇಬ್ಬರೂ ಆಣೆ ಇಟ್ಟಿದ್ದರು. ಹಿದಾಯಾ ಇಟ್ಟದ್ದು ಸುಳ್ಳು ಆಣೆ. ಅವಳಿಗೆ ಕೇಳಿಸಿತ್ತು. ಅಣ್ಣ ಏಳುತ್ತಾನೆ ಬಿಡು ಅಂದುಕೊಂಡು ಮಗ್ಗುಲು ಬದಲಿಸಿದ್ದಳು. ಈಗ ಅಣ್ಣನ ಮೇಲೆ ಹರಿಹಾಯುವಷ್ಟು ಹೊತ್ತು ಅದು ನೆನಪಾಗುತ್ತಿರಲಿಲ್ಲ. ಬಾಯಿ ಮುಚ್ಚಿದರೆ ಸಾಕು, ಆ ಕೂಗು ಮತ್ತೆ ಕೇಳಿಸುತ್ತಿತ್ತು. ಜಗಳ ನಿಲ್ಲದಿರಲಿ ಅಂತಲೇ ಅವಳ ಆಸೆ.

ಮಣ್ಣು ಮಾಡಿ ಬಂದು ಎಲ್ಲರೂ ಚಾಪೆಯ ಮೇಲೆ ಕೂತಿದ್ದಾಗ ಪಕ್ಕದ ಮನೆಯ ಕಬುಲಾ ಎದ್ದಳು. ಅವಳು ನ್ಯಾಮ್ವೇಜಿ ಕುಲದವಳು. ಅವರಿಗೂ ಇಲ್ಲಿನ ಜರಾಮೊ ಜನಕ್ಕೂ ಹಿಂದಿನಿಂದ ಗೇಲಿಯ ನಂಟು. ಸಾವಿನ ಮನೆಯಲ್ಲೂ ಅವಳು ಏನು ಬೇಕಾದರೂ ಆಡಬಹುದು, ಯಾರೂ ಸಿಟ್ಟು ಮಾಡಿಕೊಳ್ಳುವಂತಿಲ್ಲ. ಸತ್ತವಳ ಖಾಂಗಾ ಬಟ್ಟೆ ಹೊದ್ದು, ಅವಳ ಹಾಗೆಯೇ ಸೊಂಟ ಹಿಡಿದುಕೊಂಡು ನಿಂತಳು.

"ಏನ್ರೋ, ನನ್ನ ಕೊಂದೋರು ಯಾರು ಅಂತ ಇನ್ನೂ ತೀರ್ಮಾನ ಆಗ್ಲಿಲ್ವಾ? ಬೇಗ ಮುಗಿಸ್ರಪ್ಪ. ಅಲ್ಲಿ ನಿಮ್ಮಪ್ಪ ಕಾಯ್ತಾ ಕೂತವ್ನೆ, ಹೋಗಿ ಏನು ಹೇಳ್ಲಿ?"

ಜನ ನಕ್ಕರು. ಹಿದಾಯಾಗೂ ನಗು ಉಕ್ಕಿತು, ಹಿಂದೆಯೇ ನಾಚಿಕೆಯಾಯಿತು. ಕಬುಲಾ ಥೇಟು ಆ ಮುದುಕಿಯ ದನಿಯಲ್ಲೇ ಕೂಗಿದಳು: "ಯಾರಾದ್ರೂ ಒಂದು ಕೊಡ ನೀರು ತಂದ್ಕೊಡ್ರೋ."

ಪಾಜಿ ಮುಖ ಮುಚ್ಚಿಕೊಂಡ.

"ನಂಗೆ ಕೇಳಿಸಿತ್ತು ಅಮ್ಮ. ತಂಗಿ ಏಳ್ತಾಳೆ ಅಂತ ಮಲಗೇ ಇದ್ದೆ."

ನಗು ನಿಂತಿತು. ಸೋದರಮಾವ ಥೂ ಅಂದ. ಎಂಥ ಮಗ ಇವನು ಅಂತ ಗುಸುಗುಸು ಎದ್ದಿತು. ಅಷ್ಟು ಜನರ ನಡುವೆ ಪಾಜಿ ಒಬ್ಬನೇ ಆಗಿಬಿಟ್ಟ. ನನಗೂ ಕೇಳಿಸಿತ್ತು ಅಣ್ಣ ಅನ್ನುವುದಷ್ಟೇ ಬಾಕಿ, ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನು ಒಂದು ಸಲ ತಿರುಗಿ ನೋಡಿದ್ದರೆ ಹಿದಾಯಾ ಹೇಳಿಬಿಡುತ್ತಿದ್ದಳೇನೋ. ನೋಡುತ್ತಿದ್ದವಳು ಕಬುಲಾ ಮಾತ್ರ.

ಮಾವ ಬಂದು ಹಿದಾಯಾಳ ತಲೆ ಸವರಿದ. "ಅಳಬೇಡ ಮಗಳೇ. ನಿನ್ನ ತಪ್ಪೇನಿಲ್ಲ ಅಂತ ಎಲ್ರಿಗೂ ಗೊತ್ತಾಯ್ತಲ್ಲ."

ಹಿದಾಯಾ ಹೂಂ ಅಂದಳು.