ಮಾಬೊನೊಲೊ ಮೂಲೆ

ಬ್ರೀ ಟ್ಯಾಕ್ಸಿ ನಿಲ್ದಾಣದಲ್ಲಿ ತಾನು ಹುಟ್ಟಿ ಬೆಳೆದ ಮೆಡೋಲ್ಯಾಂಡ್ಸ್ ಕಡೆಯ ವ್ಯಾನಿನ ಸಾಲು ಎಲ್ಲಿ ಎಂದು ಬೊನೊಲೊ ಯಾರನ್ನೂ ಕೇಳಲಿಲ್ಲ. ಕೇಳಿದರೆ ತಾನು ಹೊರಗಿನವಳು ಎಂದು ಒಪ್ಪಿಕೊಂಡಂತೆ. ಇಪ್ಪತ್ತೆರಡು ವರ್ಷದ ಹಿಂದೆ ಆ ಸಾಲು ಮೆಟ್ಟಿಲ ಪಕ್ಕದಲ್ಲಿ, ಜೋಳದ ತೆನೆ ಸುಡುವವಳ ಬೆನ್ನ ಹಿಂದೆ ಇತ್ತು. ಈಗ ಅಲ್ಲಿ ಬೇರೆ ಯಾವುದೋ ಕಡೆಗೆ ಹೋಗುವವರು ನಿಂತಿದ್ದರು. ಮೂರು ಸುತ್ತು ಹಾಕಿ, ಎರಡು ತಪ್ಪು ಸಾಲಿನಲ್ಲಿ ನಿಂತು, ಒಬ್ಬನ ಕಾಲು ತುಳಿದು, ತುಳಿಸಿಕೊಂಡವನಿಗೇ ಬೈದು, ಕೊನೆಗೂ ಅವಳು ಸರಿಯಾದ ಬಿಳಿ ವ್ಯಾನ್ ಹತ್ತಿದಳು. ಡ್ರೈವರನ ಬೆನ್ನಿಗೆ ತಾಗಿದ ಸೀಟು ಸಿಕ್ಕಿತು.

ಹತ್ತಿ ಕೂತವಳು ಬ್ಯಾಗನ್ನು ಎದೆಗೆ ಅಪ್ಪಿಕೊಂಡಳು. ಕುರುಮಾನ್ ಊರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದಿದ್ದಳು. ಶನಿವಾರ ಅವ್ವನ ಗೋರಿಗೆ ಕಲ್ಲು ನಿಲ್ಲಿಸುವುದಿತ್ತು. ಅವ್ವ ಸತ್ತು ಆರು ವರ್ಷವಾಗಿತ್ತು. ಮಣ್ಣಿಗೆ ಬೊನೊಲೊ ಬಂದಿರಲಿಲ್ಲ.

ಯಾಕೆ ಬರಲಿಲ್ಲ ಎಂದು ಕೇಳಿದರೆ ಅವಳ ಹತ್ತಿರ ಉತ್ತರವಿತ್ತು. ಅವ್ವ ಅವಳಿಗೆ ಬೀದಿಯಲ್ಲಿ ಬೈದಿದ್ದಳು. ಮನೆಯೊಳಗೆ ಬೈದಿದ್ದರೆ ಬೇರೆ ಮಾತು. ಬೆಳಗಿನ ಏಳು ಗಂಟೆಗೆ, ಎಣ್ಣೆ ಬಾಣಲೆಯ ಎದುರು ಮೂವತ್ತು ಜನ ಸಾಲು ನಿಂತಿರುವಾಗ, ನೀನು ಕಟ್ಟಿಕೊಳ್ಳಲು ಹೊರಟ ಆ ಮೊರೆಮಿ ಗಂಡಸಲ್ಲ, ಗೋಡೆಗೆ ಒರಗಿಸಿಟ್ಟ ಪೊರಕೆ ಎಂದಿದ್ದಳು. ಮೂವತ್ತು ಜನ ನಕ್ಕರು. ಈ ಮೂಲೆಗೆ ಇನ್ನು ಕಾಲಿಡಲಾರೆ ಎಂದು ಬೊನೊಲೊ ಹೋಗಿಯೇಬಿಟ್ಟಳು. ಮೊರೆಮಿ ಪೊರಕೆಯೇ ಆಗಿದ್ದ. ಅದು ಎರಡನೇ ವರ್ಷವೇ ಗೊತ್ತಾಯಿತು. ಗೊತ್ತಾದ ಮೇಲೆ ಹಿಂದಿರುಗುವುದು ಇನ್ನೂ ಕಷ್ಟವಾಯಿತು.

ತಮ್ಮ ಕಬೆಲೊ ಹೋದ ವಾರ ಫೋನಿನಲ್ಲಿ ಹೇಳಿದ್ದು ಕಿವಿಯೊಳಗೇ ಕೂತಿತ್ತು.

"ಮಣ್ಣಿಗೆ ಒಂಬತ್ತು ಜನ ಬಂದಿದ್ರು ಕಣಕ್ಕ. ಪಾದ್ರಿನೂ ಸೇರಿ ಒಂಬತ್ತು. ಕಲ್ಲಿಗೆ ಯಾರನ್ನ ಕರೆಯೋದು ಹೇಳು. ಯಾರಿಗೆ ನೆನಪಿದ್ದಾಳೆ ಅವ್ವ?"

"ಟ್ಯಾಕ್ಸಿ ಸ್ಟಾಪೇ ಅವಳ ಹೆಸರಲ್ಲಿದೆಯಲ್ಲೋ! ಮಾಬೊನೊಲೊ ಮೂಲೆ ಅಂತ ದಿನಾ ಕೂಗ್ತಿದ್ರು. ನಾನೇ ಕೇಳಿದೀನಿ."

"ಆ ಕಾಲ ಹೋಯ್ತಕ್ಕ. ಈಗ ಕೂಗಿ ನೋಡು, ಗಾಡಿ ನಿಲ್ಲುತ್ತಾ ಅಂತ."

ಕಬೆಲೊ ಇರುವುದು ಬೇರೆ ಊರು ವೆರೀನಿಗಿಂಗ್‌ನಲ್ಲಿ. ಸ್ವಂತ ಕಾರಿನಲ್ಲಿ ಓಡಾಡುವವನಿಗೆ ಟ್ಯಾಕ್ಸಿ ಸ್ಟಾಪಿನ ವಿಷಯ ಏನು ಗೊತ್ತು ಎಂದು ಬೊನೊಲೊ ಫೋನ್ ಕುಕ್ಕಿದ್ದಳು. ಆದರೆ ಒಂಬತ್ತು ಎಂಬ ಸಂಖ್ಯೆ ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತುಬಿಟ್ಟಿತು. ಮೂವತ್ತಾರು ವರ್ಷ ಅವ್ವ ಆ ಮೂಲೆಯಲ್ಲಿ ಕೂತು, ಹುದುಗು ಬಂದ ಹಿಟ್ಟನ್ನು ಎಣ್ಣೆಗೆ ಬಿಟ್ಟು ಮಗ್ವಿನ್ಯ ಕರಿದು ಕೊಟ್ಟಿದ್ದಳು. ಅದನ್ನು ತಿಂದು ಕೆಲಸಕ್ಕೆ ಹೋದವರು, ಶಾಲೆಗೆ ಹೋದವರು ಎಲ್ಲಿ ಸತ್ತರು? ಅದಕ್ಕೇ ಅವಳು ಎರಡು ದಿನ ಮುಂಚೆ ಒಬ್ಬಳೇ ಬಂದಳು. ಟ್ಯಾಕ್ಸಿಯಲ್ಲಿ ಕೂತು ಆ ಹೆಸರು ಕೂಗಬೇಕು. ನಿಂತರೆ ಅವ್ವ ಇನ್ನೂ ಅಲ್ಲಿದ್ದಾಳೆ. ನಿಲ್ಲದಿದ್ದರೆ ಒಂಬತ್ತನ್ನು ನುಂಗಿಕೊಳ್ಳಬೇಕು.

ವ್ಯಾನ್ ತುಂಬಿತು, ಹೊರಟಿತು. ಫೋರ್ಡ್ಸ್‌ಬರ್ಗ್ ಪೇಟೆ ಬಂತು. ಬೊನೊಲೊ ಕಿಟಕಿಗೆ ಮುಖವಿಟ್ಟಳು. ಶನಿವಾರಗಳಲ್ಲಿ ಹಿಟ್ಟು, ಎಣ್ಣೆ ತರಲು ಅವ್ವ ಅವಳನ್ನು ಪೇಟೆಗೆ ಕರೆದುಕೊಂಡು ಬರುತ್ತಿದ್ದಳು. ಅವಳು ನಗರ ಕಲಿತದ್ದು ಹಾಗೆ, ಅವ್ವನ ಬಾಯಿಂದ. 'ಈ ಬಟ್ಟೆ ಅಂಗಡಿಯವನು ಮೀಟರಿಗೆ ಎರಡು ಬೆರಳು ಕಡಿಮೆ ಅಳೆಯುತ್ತಾನೆ, ಕಳ್ಳ. ಪಕ್ಕದ ಮಸಾಲೆಯವನು ಪರವಾಗಿಲ್ಲ, ಆದರೆ ತಂಗಿಯನ್ನು ಚೆನ್ನಾಗಿ ನೋಡಿಕೊಳ್ಳಲಿಲ್ಲ. ಆ ಬೆಟ್ಟದ ಮೇಲಿನ ದೊಡ್ಡ ಮನೆಗಳಿವೆಯಲ್ಲ, ಅಲ್ಲಿ ಒಂದು ಗೋಡೆಯ ಹಿಂದೆ ನಿನ್ನಜ್ಜಿ ಇಪ್ಪತ್ತು ವರ್ಷ ಬೇರೆಯವರ ಬಟ್ಟೆ ಒಗೆದಳು. ಆ ಕಡೆ ನೋಡುವಾಗ ಬೆನ್ನು ನೆಟ್ಟಗಿಟ್ಟುಕೊಂಡು ನೋಡು.' ಮಸಾಲೆ ಅಂಗಡಿ ಈಗಲೂ ಇತ್ತು. ಬಟ್ಟೆಯವನ ಜಾಗದಲ್ಲಿ ಫೋನ್ ರಿಪೇರಿ. ಕಳ್ಳ ಎಲ್ಲಾದರೂ ಕಾಣುತ್ತಾನೇನೋ ಎಂದು ಬೊನೊಲೊ ಕತ್ತು ಹೊರಳಿಸಿ ನೋಡಿದಳು.

ಊರು ದಾಟಿದ ಮೇಲೆ ಗಣಿಯ ಹಳದಿ ಗುಡ್ಡಗಳಿರಬೇಕಿತ್ತು. ಅವಳು ಎಣಿಸಿಕೊಂಡು ಕೂತಳು. ದೊಡ್ಡ ಗುಡ್ಡವೇ ಇಲ್ಲ. ಉಳಿದ ಚಿನ್ನ ಸೋಸಲು ಅದನ್ನು ಲಾರಿಯಲ್ಲಿ ಹೊತ್ತುಕೊಂಡು ಹೋಗಿದ್ದರು. ಆಗಸ್ಟ್ ತಿಂಗಳ ಗಾಳಿಗೆ ಆ ಗುಡ್ಡದ ಧೂಳು ಹಾರಿ ಬಂದು ಅವ್ವನ ಹಿಟ್ಟಿಗೆ ಬೀಳುತ್ತಿತ್ತು. ಅವ್ವ ಬಟ್ಟೆ ಮುಚ್ಚಿ, ಗುಡ್ಡದ ಕಡೆ ತಿರುಗಿ, ಗುಡ್ಡಕ್ಕೂ ಬೈಯುತ್ತಿದ್ದಳು. ಇಂಥ ಗುಡ್ಡವನ್ನೇ ಮಾಯ ಮಾಡಿದವರು ಒಂದು ಮೂಲೆಯನ್ನು ಬಿಟ್ಟಾರೆಯೇ ಎಂದು ಬೊನೊಲೊಗೆ ಮೊದಲ ಸಲ ಹೆದರಿಕೆಯಾಯಿತು. ಹೆದರಿಕೆಯಾದಾಗ ಸುಮ್ಮನಿರುವುದು ಅವಳಿಗೆ ಬಾರದು.

"ತಮ್ಮಾ, ನಾನು ಮಾಬೊನೊಲೊ ಮೂಲೇಲಿ ಇಳೀಬೇಕು."

ಡ್ರೈವರ್ ಕನ್ನಡಿಯಲ್ಲಿ ನೋಡಿದ. ಇಪ್ಪತ್ತೈದರ ಹುಡುಗ, ತುಲಾನಿ ಎಂದು ಅವನ ಸೀಟಿನ ಹಿಂದೆ ಬಣ್ಣದಲ್ಲಿ ಬರೆಸಿಕೊಂಡಿದ್ದ. "ಎಲ್ಲಮ್ಮ ಅದು?"

"ಡೇರಿ ದಾಟಿ ಎರಡನೇ ತಿರುವು."

"ಡೇರಿ ಸ್ಟಾಪ್ ಗೊತ್ತು. ಆ ಹೆಸರಿನ ಮೂಲೆ ಯಾವುದೂ ಇಲ್ಲ."

"ಹುಟ್ಟೋಕ್ ಮುಂಚಿಂದ ಇದೆ. ನೀನು ಹುಟ್ಟೋಕ್ ಮುಂಚಿಂದ."

ಪಕ್ಕದಲ್ಲಿದ್ದ ಟೋಪಿ ಮುದುಕನಿಗೆ ಇಂಥ ಮಾತೆಂದರೆ ಹಬ್ಬ. "ಡೇರಿ ಮುಚ್ಚಿ ಮೂವತ್ತು ವರ್ಷ ಆಯ್ತು, ಹಾಲು ಕಂಡೋರು ಯಾರೂ ಇಲ್ಲ. ಆದ್ರೂ ನಾವೆಲ್ಲ ಡೇರಿಲೇ ಇಳಿಯೋದು. ನೀವು ಹೇಳೋದು ನೀಲಿ ಗೇಟಿನ ಹತ್ರಾನಾ?"

"ನೀಲಿ ಗೇಟು ಮೊದಲನೇ ತಿರುವು."

"ನೀಲಿ ಗೇಟಿಗೆ ಈಗ ಹಸಿರು ಬಣ್ಣ ಹೊಡ್ದಿದ್ದಾರೆ," ಎಂದಳು ಮುಂದಿನ ಸೀಟಿನ ಹುಡುಗಿ, ಫೋನ್ ಎತ್ತಿಕೊಂಡು. "ಮ್ಯಾಪಲ್ಲಿ ಹುಡುಕಿದೆ ಆಂಟಿ. ಮಾಬೊನೊಲೊ ಅಂತ ಏನೂ ಬರಲ್ಲ."

"ಮ್ಯಾಪಿಗೆ ಯಾರಮ್ಮ ಮಗ್ವಿನ್ಯ ತಿನ್ನಿಸಿದ್ರು?" ಎಂದಳು ಬೊನೊಲೊ. "ನಮ್ಮವ್ವ ಅಲ್ಲಿ ಕೂತು ಮೂವತ್ತಾರು ವರ್ಷ ಮಾರಿದ್ಲು. ನಾನು ಮೊದಲ ಮಗಳು ಬೊನೊಲೊ, ಅದಕ್ಕೆ ಅವಳು ಮಾಬೊನೊಲೊ. ಅವಳ ಹೆಸರಲ್ಲಿ ಗಾಡಿ ನಿಲ್ತಿತ್ತು."

"ಮಗ್ವಿನ್ಯ ಮಾರೋರು ಮೂಲೆಗೊಬ್ರು ಇದ್ದಾರೆ," ಎಂದ ಟೋಪಿ ಮುದುಕ. "ಯಾರು ಅಂತ ನೆನಪಿಟ್ಕೊಳ್ಳೋದು?"

ನ್ಯೂ ಕೆನಡಾ ಸ್ಟೇಷನ್ ಹಿಂದಾಯಿತು. ಮೆಡೋಲ್ಯಾಂಡ್ಸ್‌ನ ಸಾಲು ಮನೆಗಳು ಶುರುವಾದವು. ಬೊನೊಲೊ ಬ್ಯಾಗಿನ ಪಟ್ಟಿಯನ್ನು ಕೈಗೆ ಸುತ್ತಿ ಸುತ್ತಿ ಬಿಗಿದಳು. ಕಬೆಲೊ ಹೇಳಿದ್ದು ನಿಜವಾಯಿತು.

"ಒಂದ್ ಕೆಲಸ ಮಾಡ್ತೀನಮ್ಮ," ಎಂದ ತುಲಾನಿ, ಕರುಣೆಯಿಂದಲೇ. "ನಿಮ್ಮನ್ನ ಮಾಲ್ ಹತ್ರ ಬಿಡ್ತೀನಿ. ಅಲ್ಲಿ ಸೆಕ್ಯೂರಿಟಿಯವರನ್ನ ಕೇಳಿ, ದಾರಿ ತೋರಿಸ್ತಾರೆ."

ಅಷ್ಟೇ ಸಾಕಾಯಿತು. ಬೊನೊಲೊ ಅರ್ಧ ಎದ್ದು ಅವನ ಭುಜದ ಮೇಲಿಂದ ಮುಂದಕ್ಕೆ ಬಗ್ಗಿದಳು.

"ದಾರಿ ತೋರಿಸ್ತಾರಾ? ನನಗೆ? ಇಲ್ಲಿ ಹುಟ್ಟಿದೋಳಿಗೆ? ಮೊದಲು ನಿನ್ನ ಕಾಲು ನೋಡ್ಕೊ! ಬ್ರೇಕ್ ಒತ್ತೋನು ಒಂದ್ ಕಾಲಿಗೆ ಶೂ, ಒಂದ್ ಕಾಲಿಗೆ ಚಪ್ಪಲಿ ಹಾಕ್ಕೊಂಡು ಕೂತಿದೀಯಲ್ಲೋ, ಇನ್ನೊಂದು ಶೂ ನಾಯಿ ಎಳ್ಕೊಂಡು ಹೋಯ್ತಾ? ಪ್ಯಾಂಟು ಯಾರ್ದು, ನಿಮ್ಮ ಮಾವಂದಾ? ಅಂಗಿಗೆ ಎರಡು ಗುಂಡಿ ಇಲ್ಲ, ಹದಿನೈದು ಜನರ ಜೀವ ಹೊತ್ಕೊಂಡು ಹೋಗೋನಿಗೆ ಎರಡು ಗುಂಡಿ ಹೊಲ್ಕೊಳ್ಳೋಕೆ ಆಗಲ್ವಾ? ಆ ಗಾಜು ಒರೆಸಿ ಎಷ್ಟು ದಿನ ಆಯ್ತು? ಕಣ್ಣು ನೋಡು, ಕೆಂಪಗೆ! ಗಲ್ಲ ನೋಡು, ಒಳಗೆ ಹೋಗಿದೆ! ಏನೋ, ಬೆಳಗ್ಗಿಂದ ಏನಾದ್ರೂ ತಿಂದೆಯಾ ಇಲ್ವಾ?"

ತುಲಾನಿ, "ಇಲ್ಲಮ್ಮ," ಎಂದ, ಚಿಕ್ಕ ದನಿಯಲ್ಲಿ.

ಆಗ ಹಿಂದಿನ ಸಾಲಿನಿಂದ ಒಂದು ನಗು ಬಂತು. ಕೆಮ್ಮಿನ ಜೊತೆ ಬೆರೆತ, ಮುದಿ ನಗು.

"ಅಯ್ಯೋ ದೇವರೇ. ಕಾಲಿಂದ ಶುರು ಮಾಡಿ ತಲೆವರೆಗೂ ಬೈದು, ಕೊನೆಗೆ ತಿಂದೆಯಾ ಅಂತ ಕೇಳೋದು ಈ ಭೂಮಿ ಮೇಲೆ ಒಬ್ಳೇ. ಬೈಗುಳಮ್ಮ! ಏಯ್, ನೀನು ಬೈಗುಳಮ್ಮನ ಮಗಳಾ?"

ಬೊನೊಲೊ ತಿರುಗಿದಳು. ಚರ್ಚಿನ ಬಿಳಿ ಕಾಲರಿನ ಕೆಂಪು ಕೋಟು ತೊಟ್ಟ ಮುದುಕಿ. ಹಲ್ಲು ಕಡಿಮೆಯಾಗಿದ್ದವು, ಆದರೂ ಗುರುತು ಸಿಕ್ಕಿತು. ಎದುರು ಮನೆಯ ಮಾಪಿಂಕಿ.

"ಯಾರನ್ನ ಬೈಗುಳಮ್ಮ ಅಂತಿದೀರಿ?"

"ಬೈಗುಳಮ್ಮ ಸ್ಟಾಪಾ!" ಎಂದ ತುಲಾನಿ, ಸ್ಟೇರಿಂಗ್ ಮೇಲೆ ಕೈ ತಟ್ಟಿ. "ಅದು ಹೇಳ್ಬಾರ್ದಾ ಅಮ್ಮ? ದಿನಕ್ಕೆ ಇಪ್ಪತ್ತು ಸಲ ನಿಲ್ಲಿಸ್ತೀನಿ!"

"ನಾನೂ ಅಲ್ಲೇ ಇಳಿಯೋದು," ಎಂದಳು ಮುಂದಿನ ಸೀಟಿನ ಹುಡುಗಿ.

"ನನ್ನ ತಂಗಿ ಮನೆ ಬೈಗುಳಮ್ಮನಿಂದ ಮೂರನೇದು," ಎಂದ ಟೋಪಿ ಮುದುಕ. "ಅದು ಮನುಷ್ಯರ ಹೆಸರು ಅಂತ ಇವತ್ತೇ ಗೊತ್ತಾಗಿದ್ದು. ಯಾವ್ದೋ ಹಳೇ ಕಾಲದ ಊರಿನ ಹೆಸರು ಅಂದ್ಕೊಂಡಿದ್ದೆ."

ಬೊನೊಲೊ ಮುಖ ಬಿಸಿಯಾಯಿತು. "ನಮ್ಮವ್ವನಿಗೆ ಅಡ್ಡ ಹೆಸರು ಇಡೋಕೆ ನೀವ್ಯಾರು? ಅವಳು ಮಾಬೊನೊಲೊ! ನಾನು ಕಿವಿಯಾರೆ ಕೇಳಿದೀನಿ, ಮಾಬೊನೊಲೊ ಮೂಲೆ ಅಂತಾನೇ ಕೂಗ್ತಿದ್ರು!"

"ನೀನಿದ್ದಾಗ ಕೂಗ್ತಿದ್ವಿ ಕಣೇ ದಡ್ಡಿ," ಎಂದಳು ಮಾಪಿಂಕಿ. "ಗಾಡಿ ಹತ್ತಿದ ಕೂಡ್ಲೇ ಎಲ್ಲರೂ ಕತ್ತು ಹೊರಳಿಸಿ ನೋಡ್ತಿದ್ರು, ಅವಳಿದ್ದಾಳಾ, ಮಗಳಿದ್ದಾಳಾ, ಮಗ ಇದ್ದಾನಾ ಅಂತ. ಇದ್ರೆ ಮಾಬೊನೊಲೊ. ಇಲ್ದಿದ್ರೆ ಬೈಗುಳಮ್ಮ. ಅವಳ ಎದುರಿಗೆ ಅನ್ನೋ ಧೈರ್ಯ ಯಾರಿಗಿತ್ತು? ನನ್ನ ಗಂಡ ಒಂದ್ಸಲ ಬಾಯಿ ತಪ್ಪಿ ಅಂದು, ಒಂದು ತಿಂಗಳು ಅವನಿಗೆ ಕರಕಲು ಮಗ್ವಿನ್ಯಾನೇ ಸಿಕ್ತು."

ಯಾರೋ ನಕ್ಕರು. ಬೊನೊಲೊ ನಗಲಿಲ್ಲ. ಬೇರೊಂದು ನೆನಪು ಎದ್ದು ಬಂದಿತ್ತು. ತಾನು ಚಿಕ್ಕವಳಿದ್ದಾಗ ವ್ಯಾನ್ ಹತ್ತಿದರೆ ದೊಡ್ಡವರೆಲ್ಲ ಯಾಕೆ ಒಮ್ಮೆಗೇ ಮಾತು ನಿಲ್ಲಿಸುತ್ತಿದ್ದರು ಎಂಬುದು ಈಗ ತಿಳಿಯಿತು.

"ಅಷ್ಟು ನೆನಪಿದ್ದೋರು ಮಣ್ಣಿಗೆ ಯಾಕೆ ಬರಲಿಲ್ಲ?" ಎಂದಳು. ದನಿ ತಾನಂದುಕೊಂಡಷ್ಟು ಗಟ್ಟಿಯಾಗಿ ಬರಲಿಲ್ಲ. "ಒಂಬತ್ತು ಜನ. ಪಾದ್ರಿನೂ ಸೇರಿ."

ಮಾಪಿಂಕಿ ನಗು ನಿಲ್ಲಿಸಿದಳು. "ಅವತ್ತು ಟ್ಯಾಕ್ಸಿ ಮುಷ್ಕರ. ಒಂದು ಗಾಡಿನೂ ಓಡಲಿಲ್ಲ. ಸ್ಮಶಾನ ದೂರ. ನಡ್ಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ಮಳೆ ಬರ್ತಿತ್ತು, ಮನೇಲೇ ಕೂತೆ. ಸುಳ್ಳು ಯಾಕೆ ಹೇಳಲಿ? ನೀನು ಯಾಕೆ ಬರಲಿಲ್ಲ?"

ಬೀದಿಯಲ್ಲಿ ಬೈದಳು ಎಂಬ ಉತ್ತರ ಬಾಯಿಯವರೆಗೆ ಬಂದು, ಇಷ್ಟು ಜನರ ಮುಂದೆ ಈಗಷ್ಟೇ ತಾನೇ ಒಬ್ಬ ಹುಡುಗನ ಚರ್ಮ ಸುಲಿದದ್ದು ನೆನಪಾಗಿ, ಒಳಗೇ ಹೋಯಿತು.

"ನೀನು ಹೋದ್ಯಲ್ಲ," ಎಂದಳು ಮಾಪಿಂಕಿ, "ಆಮೇಲೆ ಒಂದು ತಿಂಗಳು ಅವಳು ಯಾರಿಗೂ ಬೈಲಿಲ್ಲ. ಸುಮ್ನೆ ಕಾಗದದಲ್ಲಿ ಸುತ್ತಿ ಕೊಡೋಳು. ನಮಗೆ ಮಗ್ವಿನ್ಯ ಗಂಟಲಲ್ಲಿ ಇಳೀತಿರಲಿಲ್ಲ. ಕೊನೆಗೆ ನನ್ನ ಗಂಡಾನೇ ಬೇಕಂತ ಅಂಗಿ ಉಲ್ಟಾ ಹಾಕ್ಕೊಂಡು ಹೋಗಿ ನಿಂತ. ಅವಳು ನೋಡಿದ್ಲು. ನೋಡ್ತಾನೇ ಇದ್ಲು. ಆಮೇಲೆ ಶುರು ಮಾಡಿದ್ಲು ನೋಡು! ಸಾಲಲ್ಲಿ ನಿಂತೋರೆಲ್ಲ ಚಪ್ಪಾಳೆ ತಟ್ಟಿದ್ರು. ಬೈತಾ ಬೈತಾ ಅತ್ಲು, ಅಳ್ತಾ ಅಳ್ತಾ ಬೈದ್ಲು."

ಡೇರಿ ಸ್ಟಾಪಿನಲ್ಲಿ ಇಬ್ಬರು ಇಳಿದರು. ಹಾಲೂ ಇಲ್ಲ, ಕಟ್ಟಡವೂ ಇಲ್ಲ, ಟೈರ್ ಅಂಗಡಿ. ವ್ಯಾನ್ ಮುಂದೆ ಹೋಯಿತು. ಹಸಿರು ಬಣ್ಣದ ನೀಲಿ ಗೇಟು ದಾಟಿತು. ಮುಂದಿನ ಸೀಟಿನ ಹುಡುಗಿ ಬೈಗುಳಮ್ಮ ಸ್ಟಾಪಿನಲ್ಲೇ ಇಳಿಯುವವಳು, ಆದರೂ ಹೆಸರು ಕೂಗಲಿಲ್ಲ. ಮಾಪಿಂಕಿಯೂ ಕೂಗಲಿಲ್ಲ. ತುಲಾನಿ ವೇಗ ತಗ್ಗಿಸಿ, ಕನ್ನಡಿಯಲ್ಲಿ ಬೊನೊಲೊಳನ್ನೇ ನೋಡುತ್ತಿದ್ದ.

"ಅದೇ ಅಲ್ವಾ ತಿರುವು? ನಿಲ್ಲಿಸಪ್ಪ," ಎಂದಳು ಅವಳು.

"ಸ್ಟಾಪ್ ಹೆಸರು ಕೂಗ್ಬೇಕಮ್ಮ. ಕೂಗದಿದ್ರೆ ಗಾಡಿ ನಿಲ್ಲಲ್ಲ. ನಿಮಗೆ ಗೊತ್ತಲ್ಲ, ಇಲ್ಲೇ ಹುಟ್ಟಿದೋರು."

ನಲವತ್ತೊಂಬತ್ತು ವರ್ಷದಲ್ಲಿ ಅವ್ವನನ್ನು ಅವಳು ಏನೇನೋ ಅಂದುಕೊಂಡಿದ್ದಳು, ಮನಸ್ಸಿನಲ್ಲೇ. ಬಾಯಿ ಬಿಟ್ಟು ಒಂದು ದಿನವೂ ಅಂದಿರಲಿಲ್ಲ. ತಿರುವು ಹತ್ತಿರ ಬಂತು. ಇನ್ನು ನಾಲ್ಕು ಮನೆ. ಮೂರು.

"ಬೈಗುಳಮ್ಮ!" ಎಂದು ಕೂಗಿದಳು.

ಬ್ರೇಕ್ ಬಿತ್ತು. ಹದಿಮೂರು ಜನ ಒಟ್ಟಿಗೆ ಮುಂದಕ್ಕೆ ವಾಲಿ ಹಿಂದಕ್ಕೆ ಬಂದರು.

ಮೂಲೆಯಲ್ಲಿ ಈಗ ಕೂದಲು ಹೆಣೆಯುವವಳ ತಗಡಿನ ಡಬ್ಬಿ ಅಂಗಡಿಯಿತ್ತು. ಅದರ ಪಕ್ಕ, ಚರಂಡಿಯ ಕಲ್ಲಿನ ಮೇಲೆ, ಬಾಣಲೆಯಷ್ಟು ಅಗಲದ ಕಪ್ಪು ಜಿಡ್ಡು. ಆರು ವರ್ಷದ ಮಳೆಗೂ ಹೋಗದ ಜಿಡ್ಡು. ಬೊನೊಲೊ ಅದನ್ನು ತುಳಿಯದೆ ಪಕ್ಕಕ್ಕೆ ನಿಂತಳು.

ಹುಡುಗಿ ಇಳಿದು ಹೋದಳು. ಮಾಪಿಂಕಿ ಇಳಿಯುವುದಕ್ಕೆ ಹೊತ್ತು ಹಿಡಿಯಿತು. ಒಂದು ಕೈಯಲ್ಲಿ ಬಾಗಿಲು, ಇನ್ನೊಂದು ಕೈ ಬೊನೊಲೊ ಭುಜದ ಮೇಲೆ.

"ಕಲ್ಲು ನಿಲ್ಲಿಸೋದು ಯಾವಾಗ?"

"ಶನಿವಾರ. ಬೆಳಗ್ಗೆ ಏಳಕ್ಕೆ."

"ಬರ್ತೀನಿ. ಬೀದೀಲಿ ಎಲ್ಲರಿಗೂ ಹೇಳ್ತೀನಿ. ಗಾಡಿ ಇಲ್ದಿದ್ರೆ ನಡ್ಕೊಂಡು ಬರ್ತೀನಿ."

ಬೊನೊಲೊ ಮುದುಕಿಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. "ಈ ಹಿಮ್ಮಡಿ ಸವೆದ ಶೂನಲ್ಲಾ? ಬಿದ್ದು ಸೊಂಟ ಮುರ್ಕೊಂಡ್ರೆ ನಿಮ್ಮನ್ನ ಹೊರೋರು ಯಾರು? ಕೋಟಿನ ಕಾಲರ್ ನೋಡಿ, ಇಸ್ತ್ರಿ ಕಂಡಿಲ್ಲ. ಮುಖ ನೋಡಿ, ಒಣಗಿ ಬೆಂಡಾಗಿದೆ..." ಮಾತು ಅಲ್ಲಿಗೇ ನಿಂತಿತು.

ಮಾಪಿಂಕಿ ಕಾದಳು. ತುಲಾನಿಯೂ ಗೇರ್ ಹಾಕದೆ ಕಿಟಕಿಯಿಂದ ಕತ್ತು ಹೊರಗಿಟ್ಟು ಕಾದ. ಹಿಂದೆ ಇನ್ನೊಂದು ಟ್ಯಾಕ್ಸಿ ಬಂದು ಹಾರ್ನ್ ಬಾರಿಸಿತು. ಅವನು ಕದಲಲಿಲ್ಲ.

"ತಿಂದಿರಾ ಏನಾದ್ರೂ?" ಎಂದಳು ಬೊನೊಲೊ.